ಬೀಳುವವರನ್ನು ಹಿಡಿಯುವ ದೊಡ್ಡಗಂಗಮ್ಮ

ತುಮಕೂರಿನ ಕುಣಿಗಲ್ ರಸ್ತೆಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತಿಕೊಡುವ ಒಂದು ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ದೆವ್ವ ಬಿಡಿಸುತ್ತಿದ್ದರು. ಕೆಳಗೆ ಮೋಟರುಗಳು ವಾರಗಟ್ಟಲೆ ಸರದಿ ಕಾಯುತ್ತಿದ್ದವು. ಮೇಲೆ ಅಷ್ಟು ತಡವಾಗುತ್ತಿರಲಿಲ್ಲ, ಒಬ್ಬರಿಗೆ ಮೂರು ನಿಮಿಷ ಸಾಕು.

ಅಲ್ಲಿ ದೊಡ್ಡಗಂಗಮ್ಮನ ಕೆಲಸ ಹಿಂದೆ ನಿಲ್ಲುವುದು. ಪಾಸ್ಟರ್ ಚನ್ನೇಶ್ ಹಣೆಗೆ ಅಂಗೈ ಒತ್ತಿ ನೂಕಿದಾಗ ಹೆಂಗಸರು ಹಿಂದಕ್ಕೆ ಬೀಳಬೇಕು, ಬಿದ್ದರೆ ಬಿಡುಗಡೆಯಾಯಿತು ಎಂದು ಅರ್ಥ. ಬಿದ್ದವರ ತಲೆ ನೆಲಕ್ಕೆ ಬಡಿಯದಂತೆ ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಇಳಿಸಿ, ಸೀರೆ ಸರಿದ ಕಾಲಿನ ಮೇಲೆ ಒಂದು ಹಳೆಯ ಹೊದಿಕೆ ಎಳೆಯುವುದು ಅವಳ ಪಾಲಿಗೆ ಬಂದ ಸೇವೆ. ಹನ್ನೊಂದು ವರ್ಷ ಹಿಡಿದ ಮೇಲೆ ಅವಳ ತೋಳುಗಳಿಗೆ ಒಂದು ವಿದ್ಯೆ ಬಂದಿತ್ತು. ಬೀಳುವ ಮೊದಲು ಓರೆಗಣ್ಣಿನಲ್ಲಿ ಹಿಂದೆ ನೋಡಿ ಅವಳಿದ್ದಾಳೆಂದು ಖಾತ್ರಿ ಮಾಡಿಕೊಂಡು ಬೀಳುವವರು ಹಗುರವಾಗಿರುತ್ತಿದ್ದರು. ಪಕ್ಕದವಳು ಬಿದ್ದಳಲ್ಲ ಎಂಬ ಹೊಟ್ಟೆಕಿಚ್ಚಿಗೆ ಬೀಳುವವರು ಮೊಣಕೈ ಆಡಿಸುತ್ತಿದ್ದರು. ಕೆಲವರು ಮಾತ್ರ ವಾರದಿಂದ ಮಲಗಲು ಜಾಗ ಹುಡುಕುತ್ತಿದ್ದವರಂತೆ ಪೂರಾ ಭಾರ ಬಿಟ್ಟುಬಿಡುತ್ತಿದ್ದರು. ಅಂಥವರ ಮೇಲಿನ ಹೊದಿಕೆಯನ್ನು ಅವಳು ಬೇಗ ತೆಗೆಯುತ್ತಿರಲಿಲ್ಲ. ಮಲಗಲಿ ಪಾಪ, ಮನೆಗೆ ಹೋದರೆ ಸೌದೆ ಒಡೆಯಬೇಕು.

ಚನ್ನೇಶ್ ಮೊದಲು ಗುಬ್ಬಿ ಗೇಟಿನಲ್ಲಿ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ ಇಟ್ಟಿದ್ದ. ಜನ ತಾವೇ ಕರೆನ್ಸಿ ಹಾಕಿಕೊಳ್ಳಲು ಕಲಿತರು. ಆಗ ಅವನು ಜನ ತಾವೇ ಮಾಡಿಕೊಳ್ಳಲಾಗದ ಕೆಲಸವೊಂದನ್ನು ಹುಡುಕಬೇಕಾಯಿತು. ಆರು ತಿಂಗಳ ತರಬೇತಿ, ಒಂದು ಕಪ್ಪು ಕೋಟು, ಒಂದು ಕೀಬೋರ್ಡು. ಅವನ ಬಳಿ ಪ್ರತಿ ಕಾಯಿಲೆಗೂ ಒಂದು ಆತ್ಮದ ಹೆಸರಿತ್ತು: ತಲೆನೋವಿನ ಆತ್ಮ, ನಿದ್ದೆಗೇಡಿ ಆತ್ಮ, ಗಂಡನಿಗೆ ಎದುರು ಮಾತಾಡುವ ಆತ್ಮ. ಕುಡಿಯುವ ಗಂಡಸರಿಗೆ ಮಾತ್ರ ಯಾವ ಆತ್ಮವೂ ಹಿಡಿದಿರುತ್ತಿರಲಿಲ್ಲ. ಅದಕ್ಕೆ ಹೆಂಡತಿಯ ಪ್ರಾರ್ಥನೆ ಸಾಲದಿರುವುದು ಕಾರಣ.

ಇದನ್ನೆಲ್ಲ ಕಂಡೂ ದೊಡ್ಡಗಂಗಮ್ಮ ಅಲ್ಲಿಗೆ ಹೋಗುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಯಾರದೋ ಜೊತೆ ಬಂದವಳು ಮೂಲೆಯಲ್ಲಿ ಕೂತು ಹಾಡು ಕೇಳಿ ಅತ್ತಿದ್ದಳು. ಕಾರಣ ಕೇಳದೆ ಅಳಲು ಬಿಡುವ ಜಾಗ ಅವಳಿಗೆ ಬೇರೆ ಗೊತ್ತಿರಲಿಲ್ಲ. ಅದೇ ದಿನ ಒಬ್ಬ ಹೆಂಗಸು ಬಿದ್ದು ತಲೆ ಒಡೆದುಕೊಂಡಳು. ಎಲ್ಲರೂ ಹಲ್ಲೆಲೂಯ ಅಂದರು. ದೊಡ್ಡಗಂಗಮ್ಮ ಎದ್ದು ಹೋಗಿ ಸೆರಗಿನಿಂದ ರಕ್ತ ಒತ್ತಿ ಹಿಡಿದಳು. ಮುಂದಿನ ವಾರ ಯಾರೂ ಹೇಳದೆಯೇ ಹಿಂದೆ ಹೋಗಿ ನಿಂತಳು. ಯೇಸುವಿನ ಮೇಲೆ ಅವಳಿಗೆ ನಂಬಿಕೆ ಇತ್ತು. ಚನ್ನೇಶನ ಮೇಲೆ ಇರಲಿಲ್ಲ. ಎರಡಕ್ಕೂ ಒಂದೇ ಮೆಟ್ಟಿಲಾದದ್ದು ಅವಳ ತಪ್ಪಲ್ಲ.

ಯಾರಿಗೂ ಹೇಳದ ಇನ್ನೊಂದು ಸಂಗತಿ ಅವಳ ಸೊಂಟದಲ್ಲಿತ್ತು. ಎಲೆಅಡಿಕೆ ಚೀಲದೊಳಗಿನ ಸುಣ್ಣದ ಡಬ್ಬಿಯಲ್ಲಿ ಸುಣ್ಣವಿರಲಿಲ್ಲ, ಮಾತ್ರೆಗಳಿದ್ದವು. ಹದಿನೇಳು ವರ್ಷದ ಹಿಂದೆ ಹೆಬ್ಬೂರಿನಲ್ಲಿ ಅವಳ ಎರಡನೇ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಅದಾದ ಮೇಲೆ ಅವಳು ತೆಂಗಿನ ತೋಟದ ಬಾವಿಕಟ್ಟೆಯ ಮೇಲೆ ದಿನವಿಡೀ ಕೂರುತ್ತಿದ್ದಳು. ನೀರಿನಿಂದ ಮಗು ಕರೆಯುವುದು ಕೇಳಿಸುತ್ತಿತ್ತು. ಅತ್ತೆ ಮಂತ್ರವಾದಿಯನ್ನು ಕರೆಸಿದಳು. ಆತ ಬೇವಿನ ಬರಲಿನಿಂದ ಎರಡು ಅಮಾವಾಸ್ಯೆ ಹೊಡೆದ, ಮಗು ಕರೆಯುವುದು ನಿಲ್ಲಲಿಲ್ಲ. ಬೆನ್ನಿನ ಗಾಯ ಕೀವಾಗಿ ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದಾಗ ಅಲ್ಲಿನ ಡಾಕ್ಟರಮ್ಮ ಬೆನ್ನಿಗೆ ಮುಲಾಮು ಕೊಟ್ಟು, ಮನಸ್ಸಿಗೆ ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಮಾತ್ರೆ ಶುರುವಾದ ಎರಡನೇ ತಿಂಗಳು ಬಾವಿ ಬರೀ ಬಾವಿಯಾಯಿತು. ಅದೇ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಉಳಿದಳು. ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಒಮ್ಮೆ ಬಿಟ್ಟು ನೋಡಿದ್ದಳು, ಎರಡನೇ ಸಲ ನೋಡುವ ಆಸೆ ಇರಲಿಲ್ಲ.

ಚನ್ನೇಶ್ ಬುಟ್ಟಿ ತಂದಿಟ್ಟದ್ದು ಮೂರು ವರ್ಷದ ಹಿಂದೆ. ಗುಬ್ಬಿ ಸಂತೆಯಲ್ಲಿ ಕೊಂಡ ಬಿದಿರಿನ ಬುಟ್ಟಿ, ಅದಕ್ಕೆ ಕೆಂಪು ಸ್ಯಾಟಿನ್ ಬಟ್ಟೆ, ಮುಂದೆ 'ನಂಬಿಕೆಯ ಬುಟ್ಟಿ' ಎಂಬ ಚೀಟಿ. ಬಿಡುಗಡೆಯಾದವರು ತಮ್ಮ ಮಾತ್ರೆಗಳನ್ನು ಅದಕ್ಕೆ ಹಾಕಿ, ವಾಸಿಯಾಯಿತೆಂದು ಎಲ್ಲರ ಮುಂದೆ ಸಾಕ್ಷಿ ಹೇಳಬೇಕು. ಮೊದಲ ಶುಕ್ರವಾರ ಎಲ್ಲ ಮುಗಿದ ಮೇಲೆ ಅವನು ಬುಟ್ಟಿಯನ್ನು ಕಾಲಿನಿಂದ ಅವಳ ಕಡೆ ಸರಿಸಿದ.

"ದೊಡ್ಡಗಂಗಕ್ಕ, ನೀವು ನರ್ಸಿಂಗ್ ಹೋಮಲ್ಲಿದ್ದೋರು. ಇದನ್ನೆಲ್ಲ ಎಲ್ಲಿ ಬಿಸಾಕ್ಬೇಕು ಅಂತ ನಿಮಗೇ ಚೆನ್ನಾಗಿ ಗೊತ್ತಿರ್ತದೆ."

"ಬಿಸಾಕೋಕೆ ಮುಂಚೆ ಯಾರ್ದು ಅಂತ ನೋಡೋದ್ ಬ್ಯಾಡ್ವಾ ಪಾಸ್ಟರ್ರೇ?"

"ಈಗ ಅವು ಯಾರದೂ ಅಲ್ಲ ಸಿಸ್ಟರ್, ಸೈತಾನಂದು."

ಅವಳು ಮೇಲಿದ್ದ ಕಾಗದದ ಕವರನ್ನು ಎತ್ತಿ ನೋಡಿದಳು. ಸೈತಾನನ ಹೆಸರು ಆಂಜನಪ್ಪ, ವಯಸ್ಸು ಅರವತ್ತೆರಡು, ಊರು ಕ್ಯಾತ್ಸಂದ್ರ ಎಂದು ದವಾಖಾನೆಯವರು ನೀಲಿ ಪೆನ್ನಿನಲ್ಲಿ ಬರೆದಿದ್ದರು.

ಮಾರನೆಯ ದಿನ ಆ ಕವರ್ ಹಿಡಿದು ಕ್ಯಾತ್ಸಂದ್ರಕ್ಕೆ ಹೋದಳು. ಆಂಜನಪ್ಪ ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ನಿವೃತ್ತನಾದ ಮನುಷ್ಯ. ಸಕ್ಕರೆ ಕಾಯಿಲೆ, ಬಾಗಿಲಲ್ಲಿ ಕೂತು ಮೈಸೂರುಪಾಕು ತಿನ್ನುತ್ತಿದ್ದ.

"ವಾಸಿ ಆಗೋಯ್ತಲ್ಲಮ್ಮ, ಅದ್ಕೇ," ಎಂದ ಅವಳ ಕಣ್ಣು ನೋಡಿ.

"ನಂಬಿಕೆ ಬುಟ್ಟೀಲೈತೆ ಆಂಜನಪ್ಪಾರೆ, ಸಕ್ಕರೆ ಇನ್ನೂ ನಿಮ್ಮ ರಕ್ತದಲ್ಲೇ ಐತೆ. ತಗೊಳ್ಳಿ ಇದ."

ಅವನು ಕವರನ್ನು ತಿರುಗಿಸಿ ಮುರುಗಿಸಿ ನೋಡಿದ. ಅವಳು ಬೈಗುಳಕ್ಕೆ ಸಿದ್ಧವಾಗಿದ್ದಳು. ಅವನ ಮುಖ ಅರಳಿತು. "ಓಹೋ. ಪ್ರಾರ್ಥನೆ ಆಗಿ ವಾಪಸ್ ಬಂತಾ? ಅದ್ನ ಮೊದ್ಲೇ ಹೇಳ್ಬಾರ್ದಾ?" ಎಂದು ಕವರನ್ನು ಕಣ್ಣಿಗೊತ್ತಿಕೊಂಡ.

ದೊಡ್ಡಗಂಗಮ್ಮನಿಗೆ ಅರೆಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ದೇವರಿಗೆ ಕೊಟ್ಟದ್ದು ದೇವರಲ್ಲೇ ಉಳಿಯುವುದು ಈ ಸೀಮೆಯವರು ಕಂಡರಿಯದ ವಿಚಾರ. ತೆಂಗಿನಕಾಯಿ ಕೊಟ್ಟರೆ ಒಂದು ಹೋಳು ವಾಪಸ್ ಬರುತ್ತದೆ, ಬಾಳೆಹಣ್ಣು ಕೊಟ್ಟರೆ ಬಾಳೆಹಣ್ಣೇ ಬರುತ್ತದೆ. ದೇವರು ಬದಲಾದರೂ ಕೈ ಚಾಚುವ ರೂಢಿ ಬದಲಾಗಿರಲಿಲ್ಲ. ಆಂಜನಪ್ಪ ಮೈಸೂರುಪಾಕು ಕೆಳಗಿಟ್ಟು ಮಾತ್ರೆ ಬಾಯಿಗೆ ಹಾಕಿಕೊಂಡ. ಅವಳು ತಿದ್ದಲು ಹೋಗಲಿಲ್ಲ. "ಪಾಸ್ಟರ್ ಮುಂದೆ ಮಾತ್ರ ಹೇಳ್ಬ್ಯಾಡಿ, ಸಾಕ್ಷಿ ಕೆಡ್ತದೆ," ಎಂದು ಎಚ್ಚರಿಸಿ ಬಂದಳು.

ಅಂದಿನಿಂದ ಅವಳ ಶನಿವಾರಗಳು ಬಸ್ಸಿನಲ್ಲಿ ಕಳೆದವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಆಧಾರ್ ಕಾರ್ಡು ತೋರಿಸಿ ಗುಬ್ಬಿಗೊಂದು, ಕುಣಿಗಲ್ಲಿಗೊಂದು ಸುತ್ತು ಹಾಕಿ ಬರುತ್ತಿದ್ದಳು. ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಮನಸ್ಸಿನ ಮಾತ್ರೆ. ಎಲ್ಲ ಮನೆಗೂ ಒಂದೇ ಮಾತು: ಪ್ರಾರ್ಥನೆ ಆಗಿ ವಾಪಸ್ ಬಂದೈತೆ, ತಪ್ಪಿಸ್ಬ್ಯಾಡಿ. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಒಂದೊಂದು ಕವರಿನ ಮೇಲೂ ಕೈಯಿಟ್ಟು ಹೆಸರು ಹಿಡಿದು ನಿಜವಾಗಿ ಪ್ರಾರ್ಥಿಸಿಬಿಡುತ್ತಿದ್ದಳು. ಆಗ ಸುಳ್ಳು ಅಷ್ಟು ಚುಚ್ಚುತ್ತಿರಲಿಲ್ಲ.

ತೇಜಸ್ವಿನಿಯ ಕವರ್ ಸಿಕ್ಕಿದ್ದು ಕಳೆದ ವರ್ಷದ ಯುಗಾದಿ ಕಳೆದು ಎರಡನೇ ಶುಕ್ರವಾರ. ಗುಬ್ಬಿಯ ಹುಡುಗಿ, ಇಪ್ಪತ್ತು ವರ್ಷ. ಅಪ್ಪ ಗಂಗಾಧರ್ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅವಳಿಗೆ ಫ್ಯಾನು ತನ್ನ ಮಾರ್ಕ್ಸುಗಳನ್ನು ಊರಿಗೆಲ್ಲ ಕೇಳುವಂತೆ ಓದುವುದು ಕೇಳಿಸತೊಡಗಿತು. ಅನ್ನದಲ್ಲಿ ಸೀಮೆಎಣ್ಣೆ ವಾಸನೆ. ಗಂಗಾಧರ್ ದೇವಸ್ಥಾನ, ದರ್ಗಾ ಎಲ್ಲ ಸುತ್ತಿಸಿ ಕೊನೆಗೆ ತುಮಕೂರಿನ ಮನೋವೈದ್ಯರ ಹತ್ತಿರ ಬಂದ. ಮೂರು ತಿಂಗಳಲ್ಲಿ ಹುಡುಗಿ ಮತ್ತೆ ಕಾಲೇಜಿಗೆ ಹೋದಳು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಡಾಕ್ಟರು, ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗಬಹುದು ಎಂದರು. ಆ 'ವರ್ಷಗಟ್ಟಲೆ' ಗಂಗಾಧರನನ್ನು ಚನ್ನೇಶನ ಮೆಟ್ಟಿಲು ಹತ್ತಿಸಿತು.

ಮನೆಯಲ್ಲಿ ಹೆಣ್ಣುಮಗಳಿದ್ದರೆ ದೆವ್ವವೇ ಮರ್ಯಾದಸ್ಥ ಕಾಯಿಲೆ. ಅದು ಹೊರಗಿನಿಂದ ಬಂದದ್ದು, ವಂಶದ್ದಲ್ಲ. ಬಂದ ದಾರಿಯಲ್ಲೇ ಹೋಗುತ್ತದೆ. ಹೋದ ಮೇಲೆ ಲಗ್ನಪತ್ರಿಕೆ ಹಂಚಬಹುದು. ಮಾತ್ರೆ ಹಾಗಲ್ಲ. ಅದು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಕೂತು ನೆಂಟರು ಬಂದಾಗೆಲ್ಲ ಕೆಮ್ಮುತ್ತದೆ. "ದೆವ್ವ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ ಕಣಕ್ಕ. ಕಾಯ್ಲೆ ಅಂದ್ರೆ ಆ ಕಡೆ ತಿರುಕ್ಕಂತಾರೆ," ಎಂದು ಗಂಗಾಧರನೇ ದೊಡ್ಡಗಂಗಮ್ಮನಿಗೆ ಒಮ್ಮೆ ಹೇಳಿದ. ಚನ್ನೇಶನ ಪ್ರಾರ್ಥನಾ ಮಂದಿರದ ಮುಂದಿನ ಸಾಲಿನಲ್ಲಿ ಕೂರುವ ಶಶಿಕಲಾ ಎಂಬಾಕೆ ತನ್ನ ತಮ್ಮನಿಗೆ ತೇಜಸ್ವಿನಿಯನ್ನು ನೋಡಿಟ್ಟಿದ್ದಳು. ಆಕೆಯದು ಒಂದೇ ಷರತ್ತು, ಮಾತ್ರೆ ಇರಕೂಡದು.

ಅಂದು ಹುಡುಗಿ ಬಿದ್ದಾಗ ಅವಳ ಭಾರ ದೊಡ್ಡಗಂಗಮ್ಮನ ತೋಳಿಗೆ ಸುಳ್ಳೆಂದು ತಿಳಿಯಿತು. ತೀರ ಜಾಣ ಸುಳ್ಳು. ಶನಿವಾರ ಗುಬ್ಬಿಯ ಕಾಲೇಜಿನ ಗೇಟಿನಲ್ಲಿ ಅವಳನ್ನು ನಿಲ್ಲಿಸಿ ಕವರ್ ಕೊಟ್ಟು, "ಪ್ರಾರ್ಥನೆ ಆಗಿ..." ಎಂದು ಶುರುಮಾಡಿದಳು.

"ಆಂಟಿ, ಆ ಕತೆ ನಂಗ್ ಬೇಡ," ಎಂದಳು ತೇಜಸ್ವಿನಿ. "ಇದ್ರಲ್ಲಿ ಹತ್ತೇ ಇದಾವೆ. ಆಮೇಲೆ?"

"ಆಮೇಲೆ ನಿನ್ನ ಚೀಟಿ ತಗೊಂಡು ತುಮಕೂರಿಗೆ ಬಾ. ಡಾಕ್ಟ್ರನ್ನ ನೋಡಾನ. ಬಸ್ಸು ಪುಕ್ಸಟ್ಟೆ."

"ನೀವೇನು ದೇವರ ಪೋಸ್ಟ್‌ಮ್ಯಾನಾ?"

"ಸಂಬಳ ಇಲ್ದಿರೋ ಪೋಸ್ಟ್‌ಮ್ಯಾನು."

ಹುಡುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. "ನಿಜ ಹೇಳಿ ಆಂಟಿ. ನಾನು ಹುಚ್ಚಿನಾ, ದೆವ್ವ ಹಿಡಿದಿರೋಳಾ?"

ದೊಡ್ಡಗಂಗಮ್ಮ ಅವಳ ಬ್ಯಾಗಿನ ಪಟ್ಟಿ ಸರಿಮಾಡಿದಳು. "ನೀನು ಬಿ.ಕಾಂ. ಮೂರನೇ ವರ್ಷ. ಹೋಗು, ಬೆಲ್ ಹೊಡೀತು."

ತೇಜಸ್ವಿನಿ ಮಾತ್ರೆಗಳನ್ನು ಕ್ಯಾಲ್ಕ್ಯುಲೇಟರಿನ ಚೀಲದಲ್ಲಿ ಬಚ್ಚಿಟ್ಟುಕೊಂಡಳು. ತಿಂಗಳಿಗೊಮ್ಮೆ ತುಮಕೂರಿಗೆ ಬಂದು ಡಾಕ್ಟರನ್ನು ಕಂಡಳು. ಚೆನ್ನಾಗಿಯೇ ಇದ್ದಳು. ಆರು ತಿಂಗಳು ಹೀಗೆ ಚೆನ್ನಾಗಿದ್ದದ್ದೇ ತಪ್ಪಾಯಿತು. ಚನ್ನೇಶ್ ಅವಳನ್ನು ಮೊಬೈಲಿನ ಮುಂದೆ ಕೂರಿಸಿ ಸಾಕ್ಷಿ ಹೇಳಿಸಿದ. ವಿಡಿಯೋದ ಕೆಳಗೆ ಮಿಂಚುವ ಅಕ್ಷರದಲ್ಲಿ 'ಮಾತ್ರೆಯಿಲ್ಲದೆ ಆರು ತಿಂಗಳು' ಎಂದು ಹಾಕಿದ. ಬೇರೆ ಮಂದಿರಗಳಲ್ಲಿ ವಾಸಿಯಾದವರು ತಿಂಗಳೊಪ್ಪತ್ತಿಗೆ ಮತ್ತೆ ಕೆಡುತ್ತಿದ್ದರು, ಚನ್ನೇಶನಲ್ಲಿ ವಾಸಿಯಾದವರು ಮಾತ್ರ ವಾಸಿಯಾಗಿಯೇ ಇರುತ್ತಾರೆ ಎಂದು ಸುದ್ದಿ ಹಬ್ಬಿತು. ಅವನೂ ಅದನ್ನು ನಂಬಿದ. ಕನ್ನಡಿಯ ಮುಂದೆ ಕೋಟು ಸರಿಮಾಡಿಕೊಳ್ಳುವಾಗ ಅವನ ಮುಖದಲ್ಲಿ ಒಂಥರಾ ವಿನಯ ಬಂದಿತ್ತು, ಅದನ್ನು ನೋಡುವುದು ಅಹಂಕಾರವನ್ನು ನೋಡುವುದಕ್ಕಿಂತ ಕಷ್ಟ. ಹುಲಿಯೂರುದುರ್ಗದಿಂದೆಲ್ಲ ಜನ ಟೆಂಪೋ ಮಾಡಿಕೊಂಡು ಬಂದರು. ಬುಟ್ಟಿ ಎರಡಾಯಿತು. ಈಗ ಬರುವವರು ಉತ್ಸಾಹದಲ್ಲಿ ಮಾತ್ರೆಗಳನ್ನು ಕವರಿನಿಂದ ಬಿಚ್ಚಿ ಸುರಿಯುತ್ತಿದ್ದರು. ಹೆಸರಿಲ್ಲದ ಮಾತ್ರೆಗಳನ್ನು ದೊಡ್ಡಗಂಗಮ್ಮ ಯಾರ ಮನೆಗೆ ಒಯ್ಯಬೇಕು?

ದೀಪಾವಳಿಯ ನಂತರದ ಶುಕ್ರವಾರ ಮಾಲಿನಿ ಎಂಬ ಹೆಂಗಸು ಬಂದಳು. ಹುಲಿಯೂರುದುರ್ಗದವಳು, ಎಡಗೈಗೆ ಮೊಣಕೈಯವರೆಗೆ ಬ್ಯಾಂಡೇಜು. ಚನ್ನೇಶ್ ಹಣೆ ಮುಟ್ಟುವ ಮೊದಲೇ ಅವಳು ಬಿದ್ದಳು. ಅದು ದೊಡ್ಡಗಂಗಮ್ಮ ಎಂದೂ ಹಿಡಿಯದ ಭಾರ. ಮೈ ಮರದಂತೆ ಸೆಟೆದುಕೊಂಡು, ಆಮೇಲೆ ಅದುರತೊಡಗಿತು. ಬಾಯಲ್ಲಿ ನೊರೆ.

"ನೋಡಿ, ಹೋಗ್ತಾ ಇದೆ," ಎಂದು ಚನ್ನೇಶ್ ಮೈಕಿನಲ್ಲಿ ಹೇಳಿದ. "ಇನ್ನೂ ಜೋರಾಗಿ ಸ್ತುತಿಸಿ." ಕೀಬೋರ್ಡಿನವನು ಸದ್ದು ಏರಿಸಿದ.

"ಹೋಗ್ತಿರೋದು ಉಸಿರು ಕಣಪ್ಪ," ಎಂದಳು ದೊಡ್ಡಗಂಗಮ್ಮ. ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಾಲಿನಿಯನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಅಡಿಗೆ ಹೊದಿಕೆ ಮಡಿಸಿಟ್ಟು, ಅದುರುವುದು ನಿಲ್ಲುವವರೆಗೆ ಪಕ್ಕದಲ್ಲೇ ಕೂತಳು.

ಬಹಳ ಹೊತ್ತಿನ ಮೇಲೆ ಮಾಲಿನಿ ಕಣ್ಣುಬಿಟ್ಟಳು. ನೀರು ಕುಡಿದು, ಕೈಗೆ ಏನಾಯಿತೆಂದು ತಾನೇ ಹೇಳಿದಳು. "ಗುಬ್ಬಿ ಹುಡುಗಿ ವಿಡಿಯೋ ನೋಡಿ ಹೋದ್ ತಿಂಗ್ಳು ಇಲ್ಲಿಗ್ ಬಂದು ಫಿಟ್ಸ್ ಮಾತ್ರೆನೆಲ್ಲ ಬುಟ್ಟಿಗೆ ಸುರ್ದ್‌ಬುಟ್ಟೆ ಅಕ್ಕ. ಮೂರನೇ ದಿನಕ್ಕೆ ಒಲೆ ಮುಂದೆ ಬಿದ್ದೆ." ಅವಳು ಬ್ಯಾಂಡೇಜನ್ನು ನೋಡಿಕೊಂಡಳು. "ಆ ಹುಡುಗಿಗೆ ವಾಸಿ ಆಯ್ತಲ್ಲ. ನಂಗ್ಯಾಕ್ ಆಗ್ಲಿಲ್ಲ? ನಂಗೆ ನಂಬಿಕೆ ಕಮ್ಮಿನಾ?"

ದೊಡ್ಡಗಂಗಮ್ಮ ಅವಳನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದು ಮತ್ತೆ ಮಾತ್ರೆ ಬರೆಸಿಕೊಟ್ಟಳು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಉತ್ತರ ಅವಳಿಗೆ ಗೊತ್ತಿತ್ತು. ಚನ್ನೇಶನ ಅದ್ಭುತಗಳನ್ನೆಲ್ಲ ಮಾಡುತ್ತಿದ್ದವಳು ತಾನೇ. ತಾನು ಬಸ್ಸಿನಲ್ಲಿ ಹೊತ್ತು ತಿರುಗಿದ ಕವರುಗಳಿಂದ ಅವನ ಹೆಸರು ಬೆಳೆದಿತ್ತು, ಆ ಹೆಸರು ಮಾಲಿನಿಯನ್ನು ಒಲೆಗೆ ನೂಕಿತ್ತು.

ಊರಿನ ಹಳೆಯ ಮಿಷನ್ ಚರ್ಚಿನಲ್ಲಿ ಪಾದ್ರಿಯಾಗಿದ್ದು ನಿವೃತ್ತರಾದ ಕರುಣಾಕರ ಅಯ್ಯನವರು ಶಿರಾ ಗೇಟಿನ ಹತ್ತಿರ ಇದ್ದರು. ಅವರ ಹೆಂಡತಿ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಾಗ ದೊಡ್ಡಗಂಗಮ್ಮ ನೋಡಿಕೊಂಡಿದ್ದಳು. ಭಾನುವಾರ ಸಂಜೆ ಹೋಗಿ ಬುಟ್ಟಿ, ಬಸ್ಸು, ಸುಳ್ಳು, ಮಾಲಿನಿ ಎಲ್ಲವನ್ನೂ ಹೇಳಿದಳು. ಅವರು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡರು.

"ಅಯ್ಯನೋರೇ, ದೆವ್ವ ಅನ್ನೋದು ಐತಾ ಇಲ್ವಾ?"

"ಇಲ್ಲ ಅಂತ ನಾನು ಹೇಳೋದಿಲ್ಲಮ್ಮ. ಚನ್ನೇಶನಿಗೆ ಸಿಗೋವಷ್ಟು ಸಲೀಸಾಗಿ ಸಿಗೋದಿಲ್ಲ ಅಂತೀನಿ." ಅವರು ಸಿಪ್ಪೆಯನ್ನು ಮೊರಕ್ಕೆ ಹಾಕಿದರು. "ಸುವಾರ್ತೆ ಬರೆದವರಿಗೆ ದೆವ್ವ ಹಿಡಿದವರು ಬೇರೆ, ಮೂರ್ಛೆ ರೋಗದವರು ಬೇರೆ ಅಂತ ಗೊತ್ತಿತ್ತು. ಬೇರೆ ಬೇರೆಯಾಗೇ ಹೆಸರಿಸ್ತಾರೆ. ಅವರಲ್ಲಿ ಒಬ್ಬ ವೈದ್ಯ ಬೇರೆ. ಎರಡು ಸಾವಿರ ವರ್ಷ ಆದ್ಮೇಲೆ ನಮ್ಮೋರಿಗೆ ಎಲ್ಲಾ ಒಂದೇ ಥರ ಕಾಣ್ತದೆ."

"ಮತ್ತೆ ಬೈಬಲಲ್ಲಿ ದೆವ್ವ ಹಿಡ್ದು ಸಮಾಧೀಲಿ ಇದ್ದೋನು? ಸರಪಣಿ ಕಿತ್ತಾಕ್ತಿದ್ದೋನು?"

"ಅವನನ್ನ ಯೇಸು ಏನು ಕೇಳಿದ? ಹೆಸರು ಕೇಳಿದ. ನಿಮ್ಮ ಪಾಸ್ಟರು ಯಾರದಾದರೂ ಹೆಸರು ಕೇಳಿದ್ದು ನೋಡಿದೀಯಾ?"

ಅವಳು ಯೋಚಿಸಿದಳು. ಚನ್ನೇಶ್ ಎಲ್ಲರನ್ನೂ ಸಿಸ್ಟರ್ ಎನ್ನುತ್ತಿದ್ದ. ಹೆಸರು ಬರೆಯುತ್ತಿದ್ದದ್ದು ದವಾಖಾನೆಯವರು.

"ನಮ್ಮ ಚರ್ಚಿನೋರು ಭಾರಿ ಒಳ್ಳೇರು ಅಂತ ತಿಳ್ಕೋಬೇಡ," ಎಂದರು ಅಯ್ಯನವರು. "ನಾವು ದೆವ್ವ ಅನ್ನಲ್ಲ. 'ಪ್ರಾರ್ಥನೆ ಸಾಲದು' ಅಂತೀವಿ. ಅದು ಇಸ್ತ್ರಿ ಮಾಡಿದ ಬೈಗುಳ. ನನ್ನ ಹೆಂಡತಿ ಮೂರು ವರ್ಷ ಮಂಚ ಬಿಟ್ಟು ಏಳದೆ ಇದ್ದಾಗ ನಾನೇ ಅಂದಿದೀನಿ." ಅವರು ಇನ್ನೊಂದು ಹಿಡಿ ಅವರೆಕಾಯಿ ಎತ್ತಿಕೊಂಡರು. "ಸುಳ್ಳಿಂದ ಎಷ್ಟು ದಿನ ಜನರನ್ನ ಉಳಿಸ್ತೀಯಮ್ಮ? ನೀನು ಎಲ್ಲರ ಹಿಂದೆ ನಿಂತಿದೀಯ. ಒಂದ್ಸಲ ಮುಂದೆ ಬಾ."

"ಮುಂದೆ ಬಂದು ಏನ್ ಹೇಳ್ಲಿ? ತೇಜಸ್ವಿನಿ ಮಾತ್ರೆ ನುಂಗ್ತಾವ್ಳೆ ಅಂತ್ಲಾ? ಆ ಮಗು ಮರ್ಯಾದೆ ನಂದಲ್ಲ ಅಯ್ಯನೋರೇ, ಬೀದಿಗ್ ಹಾಕಾಕೆ."

ಅಯ್ಯನವರು ಮೊರ ಪಕ್ಕಕ್ಕಿಟ್ಟು ಎದ್ದರು. ಒಂದು ಕೈಚೀಲ ಅವರೆಕಾಯಿ ಕೊಟ್ಟು ಕಳಿಸಿದರು.

ಮಾರ್ಗಶಿರದಲ್ಲಿ ಚನ್ನೇಶ್ ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪ ಹಿಡಿದು ದೊಡ್ಡ ಕೂಟ ಇಟ್ಟ. ಹಿಂದಿನ ದಿನ ಮದುವೆಯಾದ ಗಂಡುಹೆಣ್ಣಿನ ಹೆಸರು ಥರ್ಮೋಕೋಲಿನಲ್ಲಿ ಇನ್ನೂ ಗೋಡೆಯ ಮೇಲಿತ್ತು, ನಡುವೆ ಕೆಂಪು ಹೃದಯ. ಅದನ್ನು ತೆಗೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅದರ ಅಡಿಯಲ್ಲೇ ಬಿಡುಗಡೆ ಶುರುವಾಯಿತು.

ಗಂಗಾಧರ್ ತೇಜಸ್ವಿನಿಯ ರಟ್ಟೆ ಹಿಡಿದು ಕರೆತಂದ. ಹುಡುಗಿಯ ಕಣ್ಣು ಊದಿತ್ತು. ಹಿಂದಿನ ದಿನ ಅವನು ಯಾವುದೋ ಬಿಲ್ಲು ಕೂಡಿಸಲು ಕ್ಯಾಲ್ಕ್ಯುಲೇಟರು ತೆಗೆದಿದ್ದ, ಮಾತ್ರೆಗಳು ಕೆಳಗೆ ಬಿದ್ದಿದ್ದವು. ಅವನು ವೇದಿಕೆ ಹತ್ತಿ ಮಾತ್ರೆಯ ಪಟ್ಟಿಯನ್ನು ತಾನೇ ಬುಟ್ಟಿಗೆ ಹಾಕಿದ. ಮುಂದಿನ ಸಾಲಿನಲ್ಲಿ ಶಶಿಕಲಾ ಕತ್ತು ಉದ್ದಮಾಡಿ ನೋಡಿದಳು. "ಅಲ್ಪವಿಶ್ವಾಸದಿಂದ ದುರಾತ್ಮ ವಾಪಸ್ ಬಂದಿದೆ," ಎಂದ ಚನ್ನೇಶ್. "ಈವತ್ತು ಕೊನೇ ಸಲ. ಇನ್ನು ಈ ಮಗಳು ಸಾಯೋವರೆಗೂ ಮಾತ್ರೆ ಮುಟ್ಟಲ್ಲ ಅಂತ ದೇವರ ಮುಂದೆ ಪ್ರಮಾಣ."

ದೊಡ್ಡಗಂಗಮ್ಮ ಹುಡುಗಿಯ ಹಿಂದೆ ಬಂದು ನಿಂತಳು. ತೋಳ ಮೇಲೆ ಹೊದಿಕೆ. ಚನ್ನೇಶನ ಅಂಗೈ ಹಣೆಗೆ ಬಂತು. ತೇಜಸ್ವಿನಿ ತಲೆ ತಿರುಗಿಸದೆ ಪಿಸುಗುಟ್ಟಿದಳು.

"ಆಂಟಿ, ಬೀಳ್ಲಾ?"

ಈ ಪ್ರಶ್ನೆಯನ್ನು ಹನ್ನೊಂದು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

"ಬ್ಯಾಡ. ನಿಂತ್ಕ."

ಅವಳು ಹುಡುಗಿಯ ಎರಡೂ ಭುಜದ ಹಿಂದೆ ಅಂಗೈ ಕೊಟ್ಟಳು. ಚನ್ನೇಶ್ ನೂಕಿದ. ಹುಡುಗಿ ಅಲ್ಲಾಡಲಿಲ್ಲ. ಇನ್ನೊಮ್ಮೆ ನೂಕಿದ. ರೋಗಿಗಳನ್ನು ಎತ್ತಿ ಇಳಿಸಿದ ತೋಳುಗಳ ಮುಂದೆ ಕರೆನ್ಸಿ ಹಾಕಿದ ಕೈ ಎಷ್ಟೆಂದು ನೂಕೀತು? ಮೂರನೇ ಸಲ ಅವನೇ ಅರ್ಧ ಹೆಜ್ಜೆ ಹಿಂದೆ ಜಾರಿದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಸಾವರಿಸಿಕೊಳ್ಳಲು ಅವನು ಬೆವರು ಒರೆಸಿಕೊಳ್ಳುತ್ತಿದ್ದಾಗ ದೊಡ್ಡಗಂಗಮ್ಮ ಮೈಕು ಇಸಿದುಕೊಂಡಳು. ಅವನು ಕೊಟ್ಟುಬಿಟ್ಟ, ಹನ್ನೊಂದು ವರ್ಷ ಅವಳು ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲವಾದ್ದರಿಂದ.

"ನಂದೊಂದು ಸಾಕ್ಷಿ ಐತೆ," ಎಂದಳು. "ನಿಮ್ಮಲ್ಲಿ ಬಾಳಾ ಜನಾನ ನಾನು ಹಿಡಿದಿದೀನಿ. ನನ್ನ ಮಾತ್ರ ಯಾರೂ ಹಿಡೀಲಿಲ್ಲ, ಯಾಕಂದ್ರೆ ನಾನು ಬೀಳಲಿಲ್ಲ. ಯಾಕ್ ಬೀಳಲಿಲ್ಲ ಅಂತ ತೋರಿಸ್ತೀನಿ."

ಅವಳು ಎಲೆಅಡಿಕೆ ಚೀಲದಿಂದ ತೆಗೆದ ಸುಣ್ಣದ ಡಬ್ಬಿಯನ್ನು ಎಲ್ಲರೂ ನೋಡಿದರು. ಅವಳು ಅದನ್ನು ತೆರೆದು ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು ಮೇಲೆತ್ತಿದಳು.

"ಹದಿನೇಳು ವರ್ಷ. ದಿನಾ ಒಂದು. ನನ್ನ ಕೂಸು ಸತ್ತಾಗ ನಂಗೆ ಬಾವಿಯಿಂದ ಧ್ವನಿ ಕೇಳ್ತಿತ್ತು. ಬೇವಿನ ಬರಲಲ್ಲಿ ಹೊಡುದ್ರು, ಹೋಗ್ಲಿಲ್ಲ. ಇದ ತಗೊಂಡೆ, ಹೋಯ್ತು. ದಿನಾ ತಗೊಳ್ಳೋವಾಗ ಯೇಸಪ್ಪನಿಗೆ ಸ್ತೋತ್ರ ಅಂತೀನಿ. ಬುಟ್ಟೀಲಿ ಇದ್ದ ಮಾತ್ರೆನ ನಿಮ್ಮ ಮನೆಗೆ ತಂದ್ಕೊಟ್ಟೋಳೂ ನಾನೇ. ಅದು ಪ್ರಾರ್ಥನೆ ಆಗಿ ಬಂದಿದ್ದಲ್ಲ, ಬಸ್ಸಲ್ಲಿ ಬಂದಿದ್ದು. ಯಾರ್ ಯಾರ್ದು ಅಂತ ನಾನು ಹೇಳಲ್ಲ. ನಿಮಗೇ ಗೊತ್ತು." ಅವಳು ಸುತ್ತ ನೋಡಿದಳು. "ಒಂದ್ ಲೋಟ ನೀರು ಕೊಡ್ರಪ್ಪ ಯಾರಾದ್ರೂ."

ಯಾರೂ ಏಳಲಿಲ್ಲ. ಕೀಬೋರ್ಡಿನವನ ಬೆರಳುಗಳು ಗಾಳಿಯಲ್ಲಿ ನಿಂತಿದ್ದವು, ಇಂಥ ಸಾಕ್ಷಿಗೆ ಯಾವ ರಾಗ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ತೇಜಸ್ವಿನಿ ಬ್ಯಾಗಿನಿಂದ ತನ್ನ ಬಾಟಲಿ ತೆಗೆದುಕೊಟ್ಟಳು. ದೊಡ್ಡಗಂಗಮ್ಮ ಎಲ್ಲರ ಎದುರು ಮಾತ್ರೆ ನುಂಗಿ, ಬಾಟಲಿಯ ಮುಚ್ಚಳ ಹಾಕಿ ವಾಪಸ್ ಕೊಟ್ಟಳು.

"ಇವಳಲ್ಲಿ ಯೇಸುವನ್ನ ಹಿಡಿದುಕೊಟ್ಟ ಯೂದನ ಆತ್ಮ ಇದೆ," ಎಂದ ಚನ್ನೇಶ್. ಅವನ ಕೈಯಲ್ಲಿ ಮೈಕಿರಲಿಲ್ಲ. ಮುಂದಿನ ಎರಡು ಸಾಲಿಗೆ ಮಾತ್ರ ಕೇಳಿಸಿತು. ಆ ಎರಡು ಸಾಲಿನವರು ಹಲ್ಲೆಲೂಯ ಅಂದರು, ಅವರು ಯಾವುದಕ್ಕೂ ಅನ್ನುತ್ತಿದ್ದರು.

ಬುಟ್ಟಿಯ ಹತ್ತಿರ ಮೊದಲು ಬಂದದ್ದು ಆಂಜನಪ್ಪ. ಮತ್ತೆ ಪ್ರಾರ್ಥನೆಯಾಗಿ ಬರಲೆಂದು ಅಂದು ಹಾಕಿದ್ದ ತನ್ನ ಕವರನ್ನು ಮುಖ ದುಮ್ಮಿಸಿಕೊಂಡೇ ಹುಡುಕಿ ಜೇಬಿಗಿಳಿಸಿದ. "ಪ್ರಸಾದ ಅಂದ್ಲಲ್ಲಯ್ಯಾ," ಎಂದು ಪಕ್ಕದವನಿಗೆ ದೂರಿದ. ತನಗೆ ನಂಬಿಕೆ ಕಮ್ಮಿಯೆಂದು ಮಾತ್ರೆಯನ್ನು ಮತ್ತೆ ಬುಟ್ಟಿಗೆ ಹಾಕಿದ್ದ ಮಾಲಿನಿ ಬಂದಳು. ಇನ್ನಿಬ್ಬರು ಹೆಂಗಸರು ಸೆರಗು ಮುಖಕ್ಕೆಳೆದುಕೊಂಡು ಬಂದರು. ಶಶಿಕಲಾ ಎದ್ದು ಚಪ್ಪಲಿ ಹುಡುಕಲು ಹೋದಳು. ಆ ನೆಂಟಸ್ತನ ಅಲ್ಲಿಗೆ ಮುಗಿಯಿತು ಎಂದು ಅವಳ ನಡಿಗೆಯೇ ಹೇಳುತ್ತಿತ್ತು.

ಗಂಗಾಧರ್ ಅವಳು ಹೋಗುವುದನ್ನು ನೋಡಿದ. ಆಮೇಲೆ ಬುಟ್ಟಿಯ ಕಡೆ ನಡೆದ. ಮಗಳನ್ನೋ ದೊಡ್ಡಗಂಗಮ್ಮನನ್ನೋ ಹೊಡೆಯುತ್ತಾನೆಂದು ಜನ ದಾರಿ ಬಿಟ್ಟರು. ಅವನು ಬಗ್ಗಿ ಬುಟ್ಟಿಯಲ್ಲಿ ಕೈಯಾಡಿಸಿದ. ಒಂದು ಪಟ್ಟಿ ಎತ್ತಿದ, ಇಟ್ಟ. ಇನ್ನೊಂದು ಎತ್ತಿದ. ಒಂದು ಗಳಿಗೆಯ ಹಿಂದೆ ತಾನೇ ಹಾಕಿದ್ದು, ಆದರೆ ಅದನ್ನು ಅವನು ಎಂದೂ ಕಣ್ಣಿಟ್ಟು ನೋಡಿರಲಿಲ್ಲ. ಊರಿನ ಅಷ್ಟೂ ಕಂಬದ ನಂಬರು ಬಾಯಲ್ಲಿದ್ದ ಮನುಷ್ಯ ತಲೆಯೆತ್ತದೆ ಕೇಳಿದ.

"ಯಾವ್ದಮ್ಮ ನಿಂದು?"

"ಬಿಳೀದು ಅಪ್ಪಾಜಿ. ಮಧ್ಯ ಗೀಟಿರೋದು."

ತುಮಕೂರಿನ ಬಸ್ಸು ಹೆಬ್ಬೂರು ದಾಟುವಾಗ ದೊಡ್ಡಗಂಗಮ್ಮನಿಗೆ ಹೊದಿಕೆಯನ್ನು ಮಂಟಪದಲ್ಲೇ ಮರೆತದ್ದು ನೆನಪಾಯಿತು. ಇನ್ನು ಅದರ ಕೆಲಸವೂ ಇರಲಿಲ್ಲ. ಮುಂದಿನ ಶುಕ್ರವಾರದಿಂದ ಚನ್ನೇಶ್ ಅವಳ ಜಾಗದಲ್ಲಿ ಒಂದು ಸ್ಪಂಜಿನ ಹಾಸಿಗೆ ಹಾಕಿಸಿದನೆಂದು ಆಮೇಲೆ ಸುದ್ದಿ ಬಂತು. ಅದು ಯಾರ ಮನೆಗೂ ಹೋಗುವುದಿಲ್ಲ, ಸಾಕ್ಷಿಯನ್ನೂ ಹೇಳುವುದಿಲ್ಲ.

ಪಕ್ಕದಲ್ಲಿ ಕೂತಿದ್ದ ಮುದುಕಿ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಅವಳ ಕೈಯಲ್ಲಿನ ಡಬ್ಬಿ ನೋಡಿದಳು. "ಒಸಿ ಸುಣ್ಣ ಇದ್ರೆ ಕೊಡವ್ವ."

"ಸುಣ್ಣ ಅಲ್ಲ ಕಣಜ್ಜಿ," ಎಂದಳು ದೊಡ್ಡಗಂಗಮ್ಮ. "ಮಾತ್ರೆ."

"ಯಾತರದು?"

ಕಿಟಕಿಯಾಚೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ಅವಳು ಹೇಳತೊಡಗಿದಳು.